ಒಂದೇ ಕಂಪ್ಯೂಟರಿನಲ್ಲಿ ಆಫೀಸೂ ಮನೆಯೂ: ಬೇರೆ ಇಡುವ ದಾರಿ ಯಾವುದು ನಿಮಗೆ?

ಕಳೆದ ಮಳೆಗಾಲದಲ್ಲಿ ಒಂದು ದಿನ ಊರಿನ ಮನೆಯಿಂದಲೇ ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗ್ ನಡೆಯುತ್ತಿತ್ತು. ನನ್ನ ಸ್ಕ್ರೀನನ್ನು ಹನ್ನೊಂದು ಜನ ನೋಡುತ್ತಿದ್ದರು. ಮೂಲೆಯಲ್ಲಿ ಟಣ್ ಅಂತ ವಾಟ್ಸಾಪ್ ಮೆಸೇಜು ಮೇಲೆದ್ದಿತು. "ಭಾವ, ಮೈಲುತುತ್ತ ತಂದಾಯ್ತಾ? ಕೊನೆಗೌಡ ನಾಳೆ ಬೆಳಿಗ್ಗೆನೇ ಬರ್ತಾನಂತೆ." ಮೀಟಿಂಗಿನಲ್ಲಿದ್ದ ಒಬ್ಬರಿಗೆ ಕುತೂಹಲ. ಮೈಲುತುತ್ತ ಅಂದ್ರೆ ಏನ್ರೀ ಅಂದರು. ಅಡಿಕೆಯ ಕೊಳೆರೋಗ, ಅದಕ್ಕೆ ಮೈಲುತುತ್ತ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ, ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡ, ಮಳೆ ತಾಗದಂತೆ ಕೊನೆಗೆ ಕೊಟ್ಟೆ ಕಟ್ಟುವುದು ಎಲ್ಲಾ ವಿವರಿಸಿ ಮುಗಿಸುವಾಗ ಹತ್ತು ನಿಮಿಷ ಹೋಗಿತ್ತು.

ಅದು ನಗುವಿನಲ್ಲಿ ಮುಗಿಯಿತು. ಮುಂದಿನ ವಾರದ್ದು ಮುಗಿಯಲಿಲ್ಲ. ಗ್ರಾಹಕರಿಗೆ ಹೋಗಬೇಕಿದ್ದ "ಫೈನಲ್ 2" ಎಂಬ ಫೈಲಿನ ಬದಲು ನಮ್ಮ ಅಡಿಕೆ ತೋಟದ "ಫೈನಲ್ 2" ಹೋಯಿತು. ಎರಡೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂತಿದ್ದವು. ರಾಶಿ ಇಡಿ ಎಷ್ಟು ಚೀಲ, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಸೊಸೈಟಿ ಸಾಲ ಎಷ್ಟು ಬಾಕಿ, ಎಲ್ಲವನ್ನೂ ಗೊತ್ತಿಲ್ಲದ ಊರಿನ ಗೊತ್ತಿಲ್ಲದವರು ನೋಡಿದರು. ಇದೇ ತಪ್ಪು ತಿರುವುಮುರುವಾಗಿದ್ದರೆ, ಅಂದರೆ ಗ್ರಾಹಕರ ಫೈಲು ನಮ್ಮ ಕುಟುಂಬದ ಗ್ರೂಪಿಗೆ ಹೋಗಿದ್ದರೆ, ನನ್ನ ಕೆಲಸವೇ ಹೋಗುತ್ತಿತ್ತು.

ಇದನ್ನು ಹೇಳಿಕೊಂಡ ಮೇಲೆ ಗೊತ್ತಾಯಿತು, ನನ್ನಂಥವರು ಸುಮಾರು ಜನ ಇದ್ದಾರೆ. ಸಾಗರದಲ್ಲಿ ಎರಡು ಅಂಗಡಿಗಳ ಟ್ಯಾಲಿ ಲೆಕ್ಕ ಮನೆಯಲ್ಲೇ ಬರೆಯುವವರೊಬ್ಬರು. ಹೊಸನಗರದ ಹತ್ತಿರ ಮದುವೆಯಾಗಿ ಬಂದು, ಬೆಂಗಳೂರಿನ ಕೆಲಸವನ್ನು ಜೊತೆಗೇ ತಂದುಕೊಂಡ ಹುಡುಗಿ. ಮೊಮ್ಮಗ ಆಟ ಆಡುವ ಕಂಪ್ಯೂಟರಿನಲ್ಲೇ ಬ್ಯಾಂಕ್ ನೋಡುವ ನಿವೃತ್ತ ಮೇಷ್ಟ್ರು. ಎಲ್ಲರ ಪ್ರಶ್ನೆ ಒಂದೇ: ಇನ್ನೊಂದು ಕಂಪ್ಯೂಟರ್ ತಗೊಳ್ಳದೇ ಎರಡನ್ನೂ ಬೇರೆ ಮಾಡಬಹುದಾ? ಮಾಡಬಹುದು. ಆದರೆ ದಾರಿ ಐದಾರಿವೆ. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ದಂಡ.

ಯಾರಿಂದ ಬೇರೆ?

ಮೊದಲು ಇದನ್ನು ಕೇಳಿಕೊಳ್ಳಿ. ಸಾಮಾನ್ಯವಾಗಿ ಜನ ನೇರ "ಯಾವ ಸಾಫ್ಟ್‌ವೇರ್ ಹಾಕಲಿ" ಅಂತ ಶುರು ಮಾಡುತ್ತಾರೆ. ಬೇಲಿ ಕಟ್ಟುವ ಮೊದಲು ಬರುವುದು ದನವೋ ಮಂಗವೋ ಗೊತ್ತಿರಬೇಕಲ್ವಾ? ದನಕ್ಕೆ ಹಾಕಿದ ಬೇಲಿ ಮಂಗಕ್ಕೆ ಲೆಕ್ಕವೇ ಅಲ್ಲ.

ನನ್ನ ಲೆಕ್ಕದಲ್ಲಿ ನಾಲ್ಕು ಬಗೆಯ ತೊಂದರೆ ಇವೆ. ಒಂದು, ನಮ್ಮದೇ ಕೈತಪ್ಪು. ನನ್ನ ಎರಡು ಕತೆಗಳೂ ಅದೇ. ಎರಡು, ಮನೆಮಂದಿ. ಮಗಳು ಬೇಕಂತ ಮಾಡುವುದಿಲ್ಲ, ಆದರೆ ತೆರೆದಿಟ್ಟ ಇಮೇಲಿನ ಮೇಲೆ ಆಟದ ಕಿಟಕಿ ತೆರೆದು ಎಲ್ಲೋ ಒತ್ತಿರುತ್ತಾಳೆ. ಮೂರು, ವೈರಸ್ಸು. ಪುಕ್ಕಟೆ ಆಟ, ಕದ್ದ ಸಾಫ್ಟ್‌ವೇರ್, ಯಾರೋ ಕಳಿಸಿದ ಫೈಲಿನ ಜೊತೆ ಬರುವಂಥದ್ದು. ನಾಲ್ಕನೆಯದನ್ನು ಯಾರೂ ಯೋಚಿಸುವುದಿಲ್ಲ: ಕಂಪನಿ. ನಿಮ್ಮ ಸ್ವಂತ ಕಂಪ್ಯೂಟರಿನ ಮೇಲೆ ಆಫೀಸಿಗೆ ಎಷ್ಟು ಹಿಡಿತ ಇರಬೇಕು ಅನ್ನುವುದು.

ಎರಡನೆಯ ಪ್ರಶ್ನೆ, ದಿನಕ್ಕೆ ಎಷ್ಟು ಸಲ ಆಚೆ ಈಚೆ ಹೋಗುತ್ತೀರಿ? ಬೆಳಿಗ್ಗೆ ಒಂಬತ್ತಕ್ಕೆ ಕೂತು ಸಂಜೆ ಆರಕ್ಕೆ ಏಳುವವರ ಲೆಕ್ಕವೇ ಬೇರೆ. ಗಂಟೆಗೊಮ್ಮೆ ಎದ್ದು ಅಪ್ಪನಿಗೆ ಮಾರುಕಟ್ಟೆ ದರ ನೋಡಿ ಹೇಳುವವರ ಲೆಕ್ಕವೇ ಬೇರೆ.

ಮೂರನೆಯದು ಕಂಪ್ಯೂಟರಿನ ತಾಕತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ಎಷ್ಟು ಜಿಬಿ ಅಂತ ಇರುತ್ತದೆ. ಡಿಸ್ಕ್ ಎಸ್‌ಎಸ್‌ಡಿಯೋ ಹಳೇ ತಿರುಗುವ ಹಾರ್ಡ್ ಡಿಸ್ಕೋ ಅನ್ನುವುದೂ ಅಲ್ಲೇ ಕಾಣುತ್ತದೆ. ಈ ಎರಡನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ಆಮೇಲೆ ಕರೆಂಟು ಮತ್ತು ನೆಟ್ಟು. ಬೆಂಗಳೂರಿನಲ್ಲಿ ಕೂತು ಬರೆಯುವವರು ಇದನ್ನು ಸೇರಿಸುವುದೇ ಇಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಲೈನಿನ ಮೇಲೆ ಮರ ಬೀಳುವುದು, ಎರಡು ದಿನ ಕರೆಂಟಿಲ್ಲದಿರುವುದು ಸುದ್ದಿಯೇ ಅಲ್ಲ. ಫೈಬರ್ ಬಂದ ಊರುಗಳು ಬಚಾವು. ಉಳಿದವರು ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಇದ್ದಾರೆ.

ಕೊನೆಗೆ, ಕೆಟ್ಟರೆ ಸರಿ ಮಾಡುವವರು ಯಾರು? ನನಗೆ ಶಿವಮೊಗ್ಗ ಅರವತ್ತು ಕಿಲೋಮೀಟರು. ಮಾನಿಟರ್ ಬಿಟ್ಟು ಡಬ್ಬ ಮಾತ್ರ ಬಟ್ಟೆ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೇನೆ. ಹಾಗಾಗಿ ನಾನೇ ಸರಿ ಮಾಡಿಕೊಳ್ಳಲಾಗದ ಏರ್ಪಾಡು ನನಗೆ ಬೇಡ. ದುಡ್ಡಿನ ಮಾತು ಆಯಾ ಜಾಗದಲ್ಲಿ ಬರುತ್ತದೆ.

ಬ್ರೌಸರ್ ಪ್ರೊಫೈಲ್

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದೆ. ಒಂದು ಪ್ರೊಫೈಲ್ ಆಫೀಸಿಗೆ, ಇನ್ನೊಂದು ಮನೆಗೆ. ಬುಕ್‌ಮಾರ್ಕು, ಪಾಸ್‌ವರ್ಡು, ಹಿಸ್ಟರಿ, ಲಾಗಿನ್ ಎಲ್ಲ ಬೇರೆ ಬೇರೆ. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ಪ್ರತಿಯೊಂದಕ್ಕೂ ಬೇರೆ ಬಣ್ಣ ಕೊಟ್ಟುಬಿಡಿ, ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಇನ್‌ಕಾಗ್ನಿಟೊ ಇದಲ್ಲ. ಅದು ಹಿಸ್ಟರಿ ಉಳಿಸುವುದಿಲ್ಲ ಅಷ್ಟೇ, ಬೇರ್ಪಡಿಸುವುದಿಲ್ಲ.

ಆದರೆ ನನ್ನ "ಫೈನಲ್ 2" ನೆನಪಿದೆಯಲ್ಲ? ಎರಡು ಪ್ರೊಫೈಲಿನ ಡೌನ್‌ಲೋಡೂ ನೀವು ಬದಲಿಸದಿದ್ದರೆ ಒಂದೇ ಫೋಲ್ಡರಿಗೆ ಬಂದು ಬೀಳುತ್ತವೆ. ನಾನಾಗಲೇ ಪ್ರೊಫೈಲ್ ಮಾಡಿಕೊಂಡಿದ್ದೆ, ಆದರೂ ಎಡವಿದ್ದು ಅಲ್ಲೇ. ಇನ್ನೊಂದು, ಮಗಳು ಮೇಲ್ಗಡೆಯ ಗುಂಡನೆಯ ಚಿತ್ರ ಒತ್ತಿದರೆ ಸಾಕು, ನಿಮ್ಮ ಆಫೀಸಿನ ಪ್ರೊಫೈಲ್ ತೆರೆಯುತ್ತದೆ. ಬೀಗವಿಲ್ಲ. ಇದು ಕೈತಪ್ಪನ್ನು ಅರ್ಧ ತಡೆಯುತ್ತದೆ, ಉಳಿದ ಮೂರನ್ನು ತಡೆಯುವುದಿಲ್ಲ. ಒಬ್ಬರೇ ಬಳಸುವ ಕಂಪ್ಯೂಟರ್, ಕೆಲಸವೆಲ್ಲ ಬ್ರೌಸರಿನಲ್ಲೇ ಅಂದರೆ ಸಾಕಾದೀತು. ಡೌನ್‌ಲೋಡ್ ಫೋಲ್ಡರ್ ಮಾತ್ರ ಇವತ್ತೇ ಬೇರೆ ಮಾಡಿ.

ಬೇರೆ ಬೇರೆ ಯೂಸರ್ ಅಕೌಂಟು

ನನ್ನ ಓಟು ಇದಕ್ಕೆ. ಜಾಸ್ತಿ ಜನರಿಗೆ ಇಷ್ಟೇ ಬೇಕಾಗಿರುವುದು, ಮತ್ತೆ ಇದನ್ನೇ ಯಾರೂ ಮಾಡುವುದಿಲ್ಲ. ಕಂಪ್ಯೂಟರ್ ತಂದ ದಿನ ಅಂಗಡಿಯವರು ಒಂದು ಅಕೌಂಟ್ ಮಾಡಿಕೊಟ್ಟಿರುತ್ತಾರೆ. ಹತ್ತು ವರ್ಷ ಇಡೀ ಮನೆ ಅದರಲ್ಲೇ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್ ಅಂತ ಹೋಗಿ. ಹೊಸ ಅಕೌಂಟ್ ಸೇರಿಸುವಾಗ ಮೈಕ್ರೋಸಾಫ್ಟ್ ಇಮೇಲ್ ಕೇಳುತ್ತದೆ. ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನಲ್ಲಿಲ್ಲ ಎಂಬರ್ಥದ ಸಾಲು ಕೆಳಗಿರುತ್ತದೆ. ಅದನ್ನು ಒತ್ತಿದರೆ ಇಮೇಲ್ ಇಲ್ಲದೇ ಸುಮ್ನೆ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟು ಮುಗಿಸಬಹುದು.

ಎರಡು ಸಾಲದು, ಮೂರು ಮಾಡಿ. ಒಂದು ಆಫೀಸು, ಒಂದು ಮನೆ, ಇವೆರಡೂ ಸ್ಟ್ಯಾಂಡರ್ಡ್ ಅಕೌಂಟು. ಮೂರನೆಯದು ಅಡ್ಮಿನಿಸ್ಟ್ರೇಟರ್. ಅದರಲ್ಲಿ ಯಾರೂ ದಿನಾ ಕೂರಬಾರದು. ಹೊಸ ಸಾಫ್ಟ್‌ವೇರ್ ಹಾಕುವಾಗ ಮಾತ್ರ ಅದರ ಪಾಸ್‌ವರ್ಡ್ ಬೇಕು. ಇದರ ಸುಖ ಏನೆಂದು ಮಗಳು ಯಾವುದೋ ಆಟ ಇಳಿಸಿಕೊಂಡ ದಿನ ಗೊತ್ತಾಯಿತು. ಸ್ಕ್ರೀನು ಮಬ್ಬಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳಿತು. "ಅಪ್ಪಾ, ಇದೇನೋ ಕೇಳ್ತಾ ಇದೆ" ಅಂತ ಅಡುಗೆಮನೆಗೆ ಬಂದಳು. ಮೊದಲಾಗಿದ್ದರೆ ಯೆಸ್ ಒತ್ತಿ ಮುಗಿಸಿರುತ್ತಿದ್ದಳು.

ಪ್ರತಿ ಅಕೌಂಟಿಗೂ ತನ್ನದೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಬ್ರೌಸರ್, ವಾಟ್ಸಾಪ್ ಲಾಗಿನ್. ಆಫೀಸ್ ಅಕೌಂಟಿನಲ್ಲಿ ವಾಟ್ಸಾಪ್ ಹಾಕಲೇಬೇಡಿ, ಮೈಲುತುತ್ತದ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಒಂದು ಸ್ಟ್ಯಾಂಡರ್ಡ್ ಅಕೌಂಟಿನಿಂದ ಇನ್ನೊಂದರ ಫೈಲು ತೆರೆಯಲು ಬರುವುದಿಲ್ಲ. ಪ್ರಿಂಟರ್, ವೈಫೈ, ಟ್ಯಾಲಿ, ನುಡಿ ಇಂಥವನ್ನು ಒಂದು ಸಲ ಹಾಕಿದರೆ ಎಲ್ಲರಿಗೂ ಸಿಗುತ್ತವೆ. ಎರಡೂ ಕಡೆಗೆ ಬೇಕಾದ ಫೈಲಿಗೆ ಪಬ್ಲಿಕ್ ಎಂಬ ಫೋಲ್ಡರ್ ಇದೆ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಾಗಿದೆ. ನಮ್ಮಲ್ಲಿ ಬಹಳ ಜನ ಮುಖ್ಯವಾದ್ದನ್ನೆಲ್ಲ ಡಿ ಡ್ರೈವಿನಲ್ಲಿ ಇಡುತ್ತಾರೆ. "ಸಿ ಫಾರ್ಮ್ಯಾಟ್ ಆದರೂ ಡಿ ಉಳಿಯುತ್ತೆ" ಅನ್ನುವುದು ಹಳೇ ಅಂಗಡಿ ಪಾಠ. ಆದರೆ ಅಕೌಂಟಿನ ಬೀಗ ಇರುವುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿಗೆ. ಡಿ ಡ್ರೈವ್ ಸಾಮಾನ್ಯವಾಗಿ ಎಲ್ಲ ಅಕೌಂಟಿಗೂ ತೆರೆದೇ ಇರುತ್ತದೆ. ಮಗಳ ಅಕೌಂಟಿನಿಂದಲೂ ಅಳಿಸಬಹುದು. ಹಾಗಾಗಿ ಆಫೀಸಿನ ಫೈಲು ಡಾಕ್ಯುಮೆಂಟ್ಸ್‌ನಲ್ಲೇ ಇರಲಿ. ಡಿ ಡ್ರೈವೇ ಬೇಕಂದರೆ ಆ ಫೋಲ್ಡರಿನ ಪ್ರಾಪರ್ಟೀಸ್, ಸೆಕ್ಯುರಿಟಿಗೆ ಹೋಗಿ ಉಳಿದವರ ಅನುಮತಿ ತೆಗೆಯಿರಿ.

ಇನ್ನೊಂದು ಸಣ್ಣದು. ಸ್ವಿಚ್ ಯೂಸರ್ ಒತ್ತಿದರೆ ಹಿಂದಿನವರ ಪ್ರೋಗ್ರಾಮುಗಳು ಒಳಗೇ ಓಡುತ್ತಿರುತ್ತವೆ. 8 ಜಿಬಿ ಕಂಪ್ಯೂಟರ್ ಇದರಲ್ಲೇ ಏದುಸಿರು ಬಿಡುತ್ತದೆ. ಸೈನ್ ಔಟ್ ಮಾಡಿಯೇ ಏಳಿ. ಹತ್ತು ನಿಮಿಷಕ್ಕೆ ಎದ್ದರೆ ವಿಂಡೋಸ್ ಕೀಲಿಯ ಜೊತೆ ಎಲ್ ಒತ್ತಿದರೆ ಸಾಕು, ಲಾಕ್ ಆಗುತ್ತದೆ.

ಇದು ಕೈತಪ್ಪಿಗೂ ಮನೆಮಂದಿಗೂ ಪೂರ್ತಿ ಮದ್ದು. ವೈರಸ್ಸಿಗೆ ಮುಕ್ಕಾಲು: ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಬಂದದ್ದು ಸಾಮಾನ್ಯವಾಗಿ ಅಲ್ಲೇ ಹಾವಳಿ ಮಾಡುತ್ತದೆ, ಯಾರಾದರೂ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಕಂಪನಿಯ ವಿಷಯದಲ್ಲಿ ಮಾತ್ರ ಇದರಿಂದ ಏನೂ ಇಲ್ಲ. ಆಫೀಸಿನ ಇಮೇಲನ್ನು ಟೀಮ್ಸ್‌ಗೋ ಔಟ್‌ಲುಕ್‌ಗೋ ಸೇರಿಸುವಾಗ, ಈ ಕಂಪ್ಯೂಟರನ್ನು ನಿಭಾಯಿಸಲು ನಮ್ಮ ಸಂಸ್ಥೆಗೆ ಬಿಡಿ ಎಂಬರ್ಥದ ಒಂದು ಟಿಕ್ ಬಂದು ನಿಲ್ಲುತ್ತದೆ. ಬಹಳ ಸಲ ಮೊದಲೇ ಟಿಕ್ ಆಗಿರುತ್ತದೆ. ಓದದೇ ಓಕೆ ಒತ್ತಿದರೆ ಕಂಪನಿಯ ನಿಯಮಗಳು ಆ ಅಕೌಂಟಿಗಲ್ಲ, ಇಡೀ ಕಂಪ್ಯೂಟರಿಗೆ ಬರಬಹುದು. ದೂರದಿಂದಲೇ ಪೂರ್ತಿ ಅಳಿಸುವ ಅಧಿಕಾರವೂ ಅದರಲ್ಲಿ ಸೇರಿರಬಹುದು. ಅಪ್ಪನ ಫೋಟೋ, ಮಗಳ ನೋಟ್ಸು, ತೋಟದ ಲೆಕ್ಕ ಸಮೇತ. ಆ ಟಿಕ್ ತೆಗೆದು, ಈ ಆ್ಯಪ್‌ಗೆ ಮಾತ್ರ ಸೈನ್ ಇನ್ ಎಂಬ ದಾರಿ ಹಿಡಿಯಿರಿ. ಕಂಪನಿ ಅದಕ್ಕೆ ಒಪ್ಪದಿದ್ದರೆ ಮುಂದಿನ ದಾರಿಗಳನ್ನು ನೋಡಬೇಕು.

ವರ್ಚುವಲ್ ಮಶೀನು: ಕಂಪ್ಯೂಟರಿನೊಳಗೊಂದು ಕಂಪ್ಯೂಟರು

ಒಂದು ಕಿಟಕಿಯೊಳಗೆ ಇನ್ನೊಂದು ಇಡೀ ಕಂಪ್ಯೂಟರ್ ಓಡುತ್ತದೆ. ಅದಕ್ಕೆ ತನ್ನದೇ ವಿಂಡೋಸ್ ಅಥವಾ ಲಿನಕ್ಸ್ (ವಿಂಡೋಸಿನ ಬದಲು ಪುಕ್ಕಟೆ ಸಿಗುವ ವ್ಯವಸ್ಥೆ). ಹೊರಗಿನ ಕಂಪ್ಯೂಟರಿಗೆ ಅದು ಬರೇ ಒಂದು ದೊಡ್ಡ ಫೈಲು. ಇದಕ್ಕಿರುವ ಸಾಫ್ಟ್‌ವೇರುಗಳಲ್ಲಿ ವರ್ಚುವಲ್‌ಬಾಕ್ಸ್ ಪುಕ್ಕಟೆ, ವಿಂಡೋಸಿನ ಹೋಮ್ ಆವೃತ್ತಿಯಲ್ಲೂ ಓಡುತ್ತದೆ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರಿಂದ ಪುಕ್ಕಟೆ. ಮೈಕ್ರೋಸಾಫ್ಟ್‌ನದೇ ಹೈಪರ್-ವಿ ಇದೆ, ಆದರೆ ಅದು ವಿಂಡೋಸ್ ಪ್ರೊದಲ್ಲಿ, ಹೋಮ್‌ನಲ್ಲಿ ಇಲ್ಲ. ಮನೆಗೆ ತಂದ ಲ್ಯಾಪ್‌ಟಾಪುಗಳಲ್ಲಿ ಹೋಮ್ ಇರುವುದೇ ಹೆಚ್ಚು.

ಇದರ ದೊಡ್ಡ ಗುಣ, ಕಂಪನಿಯ ಆ ಟಿಕ್ಕನ್ನು ಒಳಗಿನ ಮಶೀನಿನಲ್ಲಿ ಒತ್ತಿದರೆ ಅವರ ಹಿಡಿತ ಒಳಗಿನದಕ್ಕೆ ಮಾತ್ರ. ಅವರು ಅಳಿಸಿದರೂ ಒಂದು ಫೈಲು ಹೋಯಿತು ಅಷ್ಟೇ. ಸ್ನ್ಯಾಪ್‌ಶಾಟ್ ಎಂಬುದೊಂದಿದೆ: ಇವತ್ತಿನ ಸ್ಥಿತಿಯನ್ನು ಹಿಡಿದಿಟ್ಟು, ನಾಳೆ ಏನಾದರೂ ಕೆಟ್ಟರೆ ಹಿಂದಕ್ಕೆ ಬರಬಹುದು. ಕಾಪಿ-ಪೇಸ್ಟ್ ಎರಡರ ನಡುವೆ ಬೇಕೋ ಬೇಡವೋ ನೀವೇ ತೀರ್ಮಾನಿಸಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ ಮೊದಲಿಗೆ ಅದು ಬಂದ್ ಆಗಿರುತ್ತದೆ, ಹಾಗೇ ಬಿಡಿ. ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡು ಜಿಎಸ್‌ಟಿ ಕೆಲಸ ಮಾಡುವವರಿಗೆ, ಆ ಟೋಕನ್ನನ್ನು ಯುಎಸ್‌ಬಿ ಮೆನುವಿನಿಂದ ಒಳಗಿನ ಮಶೀನಿಗೆ ಕೊಡಲು ಬರುತ್ತದೆ. ಕೊಟ್ಟಷ್ಟು ಹೊತ್ತು ಹೊರಗಿನದಕ್ಕೆ ಅದು ಕಾಣುವುದಿಲ್ಲ.

ಈಗ ಕಷ್ಟಗಳು. ಮೊದಲನೆಯದು ಮೆಮೊರಿ. ಹೊರಗೊಂದು ವಿಂಡೋಸ್ 11, ಒಳಗೊಂದು ವಿಂಡೋಸ್ 11 ಅಂದರೆ 16 ಜಿಬಿಗೆ ಕಡಿಮೆ ಇದ್ದರೆ ಕೈ ಹಾಕಬೇಡಿ. 8 ಜಿಬಿಯಲ್ಲಿ ನಾನು ಮಾಡಿ ನೋಡಿದೆ. ಎಕ್ಸೆಲ್ ಒತ್ತಿ ಕಾಫಿ ಮಾಡಿಕೊಂಡು ಬಂದೆ, ಆಗ ತೆರೆಯುತ್ತಿತ್ತು. ತಿರುಗುವ ಹಾರ್ಡ್ ಡಿಸ್ಕ್ ಇದ್ದರಂತೂ ಕಾಫಿ ಕುಡಿದು ತೊಳೆದಿಟ್ಟು ಬರಬಹುದು. ವರ್ಚುವಲ್‌ಬಾಕ್ಸಿನ ಕೆಳಗಡೆ ಪಟ್ಟಿಯಲ್ಲಿ ಒಂದು ಹಸಿರು ಆಮೆಯ ಚಿತ್ರ ಕಂಡರೆ, ವಿಂಡೋಸಿನ ಹೈಪರ್-ವಿ ಅಡ್ಡ ಬಂದಿದೆ ಅಂತ ಅರ್ಥ. ಆಮೆ ಸುಳ್ಳು ಹೇಳುವುದಿಲ್ಲ, ವೇಗವೂ ಹಾಗೇ ಇರುತ್ತದೆ.

ಎರಡನೆಯದು ಲೈಸೆನ್ಸು. ಒಳಗೆ ವಿಂಡೋಸ್ ಹಾಕಿದರೆ ಅದಕ್ಕೆ ಇನ್ನೊಂದು ಲೈಸೆನ್ಸ್ ಬೇಕು. ಹೊರಗಿನದ್ದೇ ಸಾಕು ಅಂತ ಬಹಳ ಜನ ತಿಳಿದಿದ್ದಾರೆ, ಸಾಕಾಗುವುದಿಲ್ಲ. ನೆಟ್ಟಿನಲ್ಲಿ ನಾನೂರು ಐನೂರಕ್ಕೆ ಸಿಗುವ ಕೀ ನಂಬಬೇಡಿ. ಕಂಪನಿಗೆ ಬೇಕಿದ್ದರೆ ಕಂಪನಿಯೇ ಲೈಸೆನ್ಸ್ ಕೊಡಲಿ, ಕೇಳಿ ನೋಡಿ. ಕೆಲಸ ಲಿನಕ್ಸಿನಲ್ಲಿ ನಡೆಯುವುದಾದರೆ ಈ ಖರ್ಚೇ ಇಲ್ಲ.

ಮೂರನೆಯದು ವಿಡಿಯೋ ಮೀಟಿಂಗು. ಒಳಗಿನ ಮಶೀನಿನಿಂದ ಕ್ಯಾಮೆರಾ, ಮೈಕು ಸರಿಯಾಗಿ ಓಡಿಸಲು ನಾನು ಒಂದು ಭಾನುವಾರ ಕಳೆದೆ. ಕೊನೆಗೆ ಮೀಟಿಂಗ್ ಮಾತ್ರ ಫೋನಿನಲ್ಲಿ ಮಾಡತೊಡಗಿದೆ. ಕೆಲವು ಪರೀಕ್ಷೆ ಸಾಫ್ಟ್‌ವೇರುಗಳು ವರ್ಚುವಲ್ ಮಶೀನ್ ಅಂತ ಗೊತ್ತಾದ ಕೂಡಲೇ ಓಡುವುದಿಲ್ಲ ಅಂತ ಹಟ ಹಿಡಿಯುತ್ತವೆ.

ಮತ್ತೆ ನಮ್ಮ ಕರೆಂಟು. ಒಳಗಿನ ಇಡೀ ಕಂಪ್ಯೂಟರ್ ಒಂದೇ ಫೈಲು ಅಂದೆನಲ್ಲ, ಅದು ಓಡುತ್ತಿರುವಾಗ ಫಕ್ಕನೆ ಕರೆಂಟ್ ಹೋದರೆ ಆ ಫೈಲೇ ಹಾಳಾಗುವ ಭಯ ಇದೆ. ಡೆಸ್ಕ್‌ಟಾಪಿನಲ್ಲಿ ಯುಪಿಎಸ್ ಇಲ್ಲದೇ ಇದನ್ನು ಮಾಡಬೇಡಿ. ಅಪ್‌ಡೇಟುಗಳೂ ಎರಡೆರಡು ಸಲ ಇಳಿಯುತ್ತವೆ, ಡೇಟಾ ಅಳೆದು ಬಳಸುವವರು ಎರಡೂ ಕಡೆ ಮೀಟರ್ಡ್ ಕನೆಕ್ಷನ್ (ಡೇಟಾ ಉಳಿಸುವ ಸೆಟ್ಟಿಂಗು) ಹಾಕಿಕೊಳ್ಳಿ.

ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ಒಳಗಿನದ್ದು ಕೆಟ್ಟರೆ ಹೊರಗಿನದ್ದು ಬಹಳಮಟ್ಟಿಗೆ ಸುರಕ್ಷಿತ. ಆದರೆ ಹೊರಗಿನದ್ದು ಕೆಟ್ಟರೆ ಒಳಗಿನದ್ದಕ್ಕೂ ಉಳಿಗಾಲವಿಲ್ಲ. ಹೊರಗೆ ಕೀಲಿಮಣೆ ಕದ್ದು ನೋಡುವ ವೈರಸ್ ಕೂತರೆ, ಒಳಗೆ ನೀವು ಒತ್ತುವ ಪಾಸ್‌ವರ್ಡೂ ಅದಕ್ಕೆ ಸಿಗುತ್ತದೆ. ಆಫೀಸನ್ನು ಒಳಗಿಟ್ಟು, ಹೊರಗೆ ಕದ್ದ ಆಟ ಹಾಕಿಕೊಂಡರೆ ಬಾಗಿಲು ತೆರೆದಿಟ್ಟು ಕಪಾಟಿಗೆ ಬೀಗ ಹಾಕಿದ ಹಾಗೆ.

ಡ್ಯುಯಲ್ ಬೂಟು

ಡಿಸ್ಕಿನ ಒಂದು ಭಾಗದಲ್ಲಿ ವಿಂಡೋಸ್, ಇನ್ನೊಂದರಲ್ಲಿ ಉಬುಂಟು ಎಂಬ ಲಿನಕ್ಸ್. ಚಾಲೂ ಮಾಡುವಾಗ ಯಾವುದು ಬೇಕು ಅಂತ ಆರಿಸುವುದು. ಒಂದು ಸಲಕ್ಕೆ ಒಂದೇ ಓಡುವುದರಿಂದ 8 ಜಿಬಿಯಲ್ಲೂ ಆರಾಮು. ಖರ್ಚಿಲ್ಲ. ಗೆಳೆಯರು ಮೊದಲು ಹೇಳುವುದೇ ಇದನ್ನು.

ನಾನು ಎರಡು ವರ್ಷ ಇದರಲ್ಲಿದ್ದೆ, ಆದರೂ ಮನೆಮಂದಿ ಎಲ್ಲ ಬಳಸುವ ಕಂಪ್ಯೂಟರಿಗೆ ಬೇಡ ಅನ್ನುತ್ತೇನೆ. ಅಪ್ಪ "ಇವತ್ತು ರಾಶಿ ದರ ಎಷ್ಟು ನೋಡು" ಅಂದರೆ ಎಲ್ಲ ಮುಚ್ಚಿ, ರೀಸ್ಟಾರ್ಟ್ ಮಾಡಿ, ನೋಡಿ, ಮತ್ತೆ ರೀಸ್ಟಾರ್ಟ್ ಮಾಡಿ ಬರಬೇಕು. ಎರಡು ದಿನ ಶಿಸ್ತಿನಿಂದ ಮಾಡುತ್ತೀರಿ. ಮೂರನೇ ದಿನ ಆಫೀಸಿನ ಕಡೆಯಿಂದಲೇ ದರ ನೋಡುತ್ತೀರಿ, ವಾರದಲ್ಲಿ ವಾಟ್ಸಾಪೂ ಅಲ್ಲಿಗೆ ಬಂದಿರುತ್ತದೆ.

ಗಡಿಯಾರದ ಕತೆಯೂ ಇದೆ. ಕಂಪ್ಯೂಟರಿನ ಒಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಗ್ರೀನಿಚ್ ಸಮಯ ಅಂದುಕೊಳ್ಳುತ್ತದೆ. ಎರಡರ ಜಗಳದಲ್ಲಿ ಐದೂವರೆ ಗಂಟೆ ಹೆಚ್ಚುಕಡಿಮೆ. ಬೆಳಿಗ್ಗೆ ಒಂಬತ್ತೂವರೆಗೆ ವಿಂಡೋಸ್ ತೆರೆದರೆ ನಾಲ್ಕು ಗಂಟೆ ತೋರಿಸುತ್ತಿತ್ತು. ಲಿನಕ್ಸಿನಲ್ಲಿ ಒಂದು ಸಾಲಿನ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ, ಆದರೆ ಅಷ್ಟರಲ್ಲಿ ನಾನು ಒಂದು ಮೀಟಿಂಗ್ ತಪ್ಪಿಸಿಕೊಂಡಿದ್ದೆ.

ಗಂಭೀರವಾದ್ದು ಬೇರೆ. ವಿಂಡೋಸ್ ಅಪ್‌ಡೇಟ್ ಆದಾಗ ಬೂಟ್ ಏರ್ಪಾಡು, ಅಂದರೆ ಚಾಲೂ ಆಗುವ ಏರ್ಪಾಡು, ಕೆಲವೊಮ್ಮೆ ಕೆಡುತ್ತದೆ. 2024ರ ಆಗಸ್ಟ್ ಅಪ್‌ಡೇಟಿನ ನಂತರ ಜಗತ್ತಿನ ಎಷ್ಟೋ ಡ್ಯುಯಲ್ ಬೂಟ್ ಕಂಪ್ಯೂಟರುಗಳಲ್ಲಿ ಲಿನಕ್ಸ್ ತೆರೆಯದೇ ಕೂತಿತ್ತು. ವಿಂಡೋಸ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀ ಇಲ್ಲದೇ ಓದಲಾಗದಂತೆ ಬೀಗ ಬಿದ್ದಿದ್ದರೆ, ಬೂಟ್ ಬದಲಾದದ್ದು ಕಂಡು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಈಚಿನ ವಿಂಡೋಸ್ 11 ಮೈಕ್ರೋಸಾಫ್ಟ್ ಅಕೌಂಟಿನೊಂದಿಗೆ ಹೊಸದಾಗಿ ಹಾಕಿದಾಗ ತಾನೇ ಎನ್‌ಕ್ರಿಪ್ಟ್ ಮಾಡಿಬಿಡುತ್ತದೆ, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ನೀವು ಯಾವ ದಾರಿ ಹಿಡಿದರೂ ಆ ಕೀ ಬರೆದಿಡಿ. ನಾನು ಪಹಣಿ, ಮ್ಯುಟೇಶನ್ ಇಟ್ಟ ಫೈಲಿನಲ್ಲಿ ಇಟ್ಟಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಕಳೆದುಹೋಗದ ಫೈಲು ಅದೊಂದೇ. ಎನ್‌ಕ್ರಿಪ್ಟ್ ಇಲ್ಲದಿದ್ದರೆ ಇನ್ನೊಂದು ತೊಂದರೆ: ಉಬುಂಟು ಕಡೆಯಿಂದ ವಿಂಡೋಸ್ ಕಡೆಯ ಫೈಲೆಲ್ಲ ಓದಬಹುದು. ಆಗ ಬೇರೆ ಇಟ್ಟದ್ದು ಹೆಸರಿಗಷ್ಟೇ.

ಇದೇ ಮಾಡಬೇಕೆಂದಿದ್ದರೆ ಒಂದು ಡಿಸ್ಕನ್ನು ಕೊಯ್ಯುವ ಬದಲು ಇನ್ನೊಂದು ಎಸ್‌ಎಸ್‌ಡಿ ಹಾಕಿ. ಉಬುಂಟುವನ್ನು ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಹಾಕಿದರೆ ಇನ್ನೂ ಚೆನ್ನ: ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡಬಹುದು. ಪೆನ್‌ಡ್ರೈವ್ ಬೇಡ, ನಿಧಾನ, ಬೇಗ ಸಾಯುತ್ತದೆ. ವಿಂಡೋಸನ್ನು ಹೀಗೆ ಹೊರಗಿಟ್ಟು ಓಡಿಸುವ ಅಧಿಕೃತ ದಾರಿಯನ್ನು ಮೈಕ್ರೋಸಾಫ್ಟ್ 2020ರಲ್ಲೇ ತೆಗೆದುಹಾಕಿದೆ. ಟ್ಯಾಲಿ ಉಬುಂಟುವಿನಲ್ಲಿ ನೇರ ಓಡುವುದಿಲ್ಲ, ಸಾಗರದವರಿಗೆ ಈ ದಾರಿ ಅಲ್ಲೇ ಮುಗಿಯಿತು. ಉಬುಂಟು ಇಳಿಸುವುದೇ ಸುಮಾರು 6 ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕಿನಲ್ಲಿರುವವರಿಗೆ ಅದು ಮೂರು ದಿನದ ಡೇಟಾ. ಶಿವಮೊಗ್ಗಕ್ಕೆ ಹೋದಾಗ ಫೈಬರ್ ಇರುವ ಯಾರದ್ದಾದರೂ ಮನೆಯಲ್ಲಿ ಇಳಿಸಿಕೊಳ್ಳಿ.

ಸರ್ವರಿನಲ್ಲೇ ಕೆಲಸ, ಅಥವಾ ಇನ್ನೊಂದು ಕಂಪ್ಯೂಟರು

ಕೆಲವು ಕಂಪನಿಗಳು ರಿಮೋಟ್ ಡೆಸ್ಕ್‌ಟಾಪ್ ಕೊಡುತ್ತವೆ. ಕೆಲಸವೆಲ್ಲ ಅವರ ಸರ್ವರಿನಲ್ಲಿ, ನಮ್ಮಲ್ಲಿಗೆ ಬರುವುದು ಚಿತ್ರ ಮಾತ್ರ. ಬೇರ್ಪಡಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಹಳೇ 4 ಜಿಬಿ ಕಂಪ್ಯೂಟರೂ ಸಾಕು. ಆದರೆ ನೆಟ್ ಹೋದರೆ ಕೈಕಟ್ಟಿ ಕೂರಬೇಕು, ಅರ್ಧ ಬರೆದ ಪತ್ರವನ್ನೂ ಮುಗಿಸಲಾಗದು. ಫೈಬರ್ ಇದ್ದು, ಅದು ಹೋದಾಗ ಮೊಬೈಲ್ ಸಿಗ್ನಲ್ಲಾದರೂ ಇರುವ ಊರಾದರೆ ಹೂಂ ಅನ್ನಿ. ಸಿಗ್ನಲ್ಲಿಗೆ ಗುಡ್ಡ ಹತ್ತುವ ಊರಾದರೆ ಬೇಡ.

ಇನ್ನು ಎರಡನೇ ಕಂಪ್ಯೂಟರು. ಬೇಡ ಅಂತಲೇ ಶುರು ಮಾಡಿದ್ದರೂ ಲೆಕ್ಕ ಹಾಕಿ ನೋಡಿ. ವರ್ಚುವಲ್ ಮಶೀನಿಗೆಂದು ಮೆಮೊರಿ ಏರಿಸಿ, ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಲೈಸೆನ್ಸ್ ಕೊಂಡು, ಯುಪಿಎಸ್ ತಂದರೆ, ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬೆಲೆ ಹತ್ತಿರ ಬಂದಿರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುವುದರಿಂದ ಯುಪಿಎಸ್ ಖರ್ಚೂ ಉಳಿಯಿತು. ಕೊಳ್ಳುವಾಗ ಇಂಟೆಲ್ ಪ್ರೊಸೆಸರ್ ಆದರೆ 8ನೇ ತಲೆಮಾರಿನದ್ದೋ ಆಮೇಲಿನದ್ದೋ ನೋಡಿ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮನೆಬಳಕೆಯವರು ನೋಂದಾಯಿಸಿದರೆ ಸಿಗುವ ಒಂದು ವರ್ಷದ ಹೆಚ್ಚುವರಿ ಅವಧಿ 2026ರ ಅಕ್ಟೋಬರ್ 13ರ ವರೆಗೆ ಅಂತ ಘೋಷಿಸಿದ್ದರು. ಅಗ್ಗಕ್ಕೆ ಸಿಗುತ್ತದೆ ಅಂತ ಹಳೇದಕ್ಕೆ ಕೈ ಹಾಕಬೇಡಿ.

ಮಾನಿಟರಿಗೆ ಎರಡು ಕಿಂಡಿ ಇದ್ದರೆ ಎರಡು ಕಂಪ್ಯೂಟರನ್ನೂ ಅದಕ್ಕೇ ಸಿಕ್ಕಿಸಿ ಗುಂಡಿ ಒತ್ತಿ ಬದಲಾಯಿಸಬಹುದು. ಒಂದೇ ಎಚ್ಚರ, ಮಳೆಗಾಲದಲ್ಲಿ ಬಳಸದೇ ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ದಿನಾ ಒಂದಷ್ಟು ಹೊತ್ತು ಓಡಲಿ.

ಹಾಗಾದರೆ ಯಾರಿಗೆ ಯಾವುದು

ಮೇಷ್ಟ್ರಿಗೆ ಯೋಚನೆಯೇ ಬೇಡ, ಮೂರು ಅಕೌಂಟು. ಬ್ಯಾಂಕಿನ ಅಕೌಂಟಿನಲ್ಲಿ ಮೊಮ್ಮಗ ಕೂರಬಾರದು, ಅಡ್ಮಿನ್ ಪಾಸ್‌ವರ್ಡ್ ಮೊಮ್ಮಗನಿಗೆ ಗೊತ್ತಿರಬಾರದು. ಎರಡನೆಯದು ಕಷ್ಟ ಅಂತ ಅವರೇ ಒಪ್ಪಿದರು, ಪಾಸ್‌ವರ್ಡ್ ಹಾಕಿಕೊಟ್ಟವನೇ ಮೊಮ್ಮಗ.

ಸಾಗರದ ಟ್ಯಾಲಿಯವರಿಗೂ ಅಕೌಂಟೇ ಸಾಕು, ಆದರೆ ಎರಡು ಅಂಗಡಿಗೆ ಎರಡು. ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆ ಅಂತ ಮೊದಲು ನೋಡಬೇಕು. ಅವರದ್ದು ಡಿ ಡ್ರೈವಿನಲ್ಲೇ ಇತ್ತು. ಅನುಮತಿ ಸರಿ ಮಾಡಿ, ಅಂಗಡಿಗೊಂದು ಪೆನ್‌ಡ್ರೈವಿಗೆ ಶನಿವಾರ ಶನಿವಾರ ಬ್ಯಾಕಪ್ ತೆಗೆಯುವ ರೂಢಿ ಮಾಡಿಕೊಂಡಿದ್ದಾರೆ. ಉಳಿದ ದುಡ್ಡಿನಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರು. ಅದರಷ್ಟು ಸುಖ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ.

ಹೊಸನಗರದ ಹುಡುಗಿಯದ್ದೇ ಜಿಗುಟು. ಅವಳ ಕಂಪನಿಗೆ ಕಂಪ್ಯೂಟರಿನ ಮೇಲೆ ಪೂರ್ತಿ ಹಿಡಿತ ಬೇಕು, ಕಂಪ್ಯೂಟರ್ ಗಂಡನ ಮನೆಯ ಎಲ್ಲರದ್ದು. ಮಾವನವರ ಬ್ಯಾಂಕ್ ಪಾಸ್‌ವರ್ಡ್ ಇರುವ ಕಂಪ್ಯೂಟರನ್ನು ಕಂಪನಿಯ ಕೈಗೆ ಕೊಡುತ್ತೇನೆ ಅಂತ ಯಾವ ಸೊಸೆ ಹೇಳಿಯಾಳು? 16 ಜಿಬಿ ಇದ್ದಿದ್ದರೆ ವರ್ಚುವಲ್ ಮಶೀನ್ ಅನ್ನುತ್ತಿದ್ದೆ. ಇದ್ದದ್ದು 8. ಮೊದಲು ಕಂಪನಿಯನ್ನೇ ಲ್ಯಾಪ್‌ಟಾಪ್ ಕೇಳು, ಬಾಯಿಮಾತಲ್ಲ, ಮೇಲ್ ಬರೆದು ಕೇಳು ಅಂದೆ. ಕೇಳಿದಳು. ಹದಿನೈದು ದಿನದಲ್ಲಿ ಬಂತು. ಕೇಳದೇ ಇದ್ದಿದ್ದೇ ಇಷ್ಟು ದಿನದ ತೊಂದರೆ. ಕೊಡದಿದ್ದರೆ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೆವು.

ಯಾವುದಕ್ಕೆ ಹೋದರೂ ಬದಲಾಯಿಸುವ ದಿನ ಭಾನುವಾರ ಇರಲಿ, ಮಳೆ ಗುಡುಗು ಇಲ್ಲದಿರಲಿ. ಎಲ್ಲ ಫೈಲು ಹೊರಗಿನ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಕಿತ್ತಿಟ್ಟು, ಆಮೇಲೆ ಶುರು ಮಾಡಿ. ಹಳೇ ಅಕೌಂಟನ್ನು ಒಂದು ತಿಂಗಳು ಅಳಿಸಬೇಡಿ. ಏನೋ ಒಂದು ಅದರ ಡೆಸ್ಕ್‌ಟಾಪಿನಲ್ಲೇ ಉಳಿದಿರುತ್ತದೆ.

ನನ್ನದು ಈಗ ಮೂರು ಅಕೌಂಟು, ಆಫೀಸ್ ಅಕೌಂಟಿನೊಳಗೆ ಎರಡು ಬ್ರೌಸರ್ ಪ್ರೊಫೈಲು. ಆಫೀಸಿನ ಕಡೆಗೆ ಕಡುಗೆಂಪು ವಾಲ್‌ಪೇಪರು, ಮನೆ ಕಡೆಗೆ ತುಂಗಾ ನದಿಯ ಫೋಟೋ. ಕೆಂಪು ಕಂಡರೆ ಮಗಳು ಮೌಸ್ ಮುಟ್ಟುವುದಿಲ್ಲ. ಭಾವನ ಮೆಸೇಜು ಸಂಜೆ ಆರರ ಮೇಲೆ ಓದುತ್ತೇನೆ. ಹೋದ ಸಲ ಔಷಧಿ ಹೊಡೆಯುವ ದಿನ ಅದರಿಂದಲೇ ಸುಣ್ಣ ತರುವುದು ಮರೆತುಹೋಯಿತು. ಈಗ ಅವನಿಗೆ ಫೋನ್ ಮಾಡು ಅಂತ ಹೇಳಿದ್ದೇನೆ.